ಸೈಕಲ್ ಪುಟದ ಗಿರಾಕಿ

ದಿನಾ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಯಾರೋ ಒಬ್ಬರು ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಹೊರಡುತ್ತಿದ್ದರು. ಟಿಕೆಟ್ ವೆಬ್‌ಸೈಟಿಗೆ ಬಂದು, ಊರು ಆರಿಸಿ, ಸೀಟು ಆರಿಸಿ, ಸೈಕಲ್ ಪುಟದಲ್ಲಿ 'ಜೊತೆಗೆ ಸೈಕಲ್ ಇದೆ' ಎಂಬ ಚೌಕಕ್ಕೆ ಗುರುತು ಹಾಕಿ, ದುಡ್ಡು ಕಟ್ಟುವ ಪುಟದ ತನಕ ಹೋಗಿ, ಅಲ್ಲಿಂದ ಸುಮ್ಮನೆ ಹಿಂದೆ ಸರಿಯುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಕಥೆ. ದಾಖಲೆ ನೋಡುತ್ತಾ ಕೂತಿದ್ದ ಪೊರಕೆಗೆ ಈ ಮನುಷ್ಯರ ತಲೆಬುಡ ಅರ್ಥವಾಗಲಿಲ್ಲ. ಹೋಗುವುದಿದ್ದರೆ ಹೋಗಬೇಕು, ಬಿಡುವುದಿದ್ದರೆ ಬಿಡಬೇಕು. ದಿನಾ ಹೊರಟು ದಿನಾ ಮನಸ್ಸು ಬದಲಾಯಿಸುವುದೆಂದರೇನು?

ಪೊರಕೆ ಎಂಬುದು ಆಫೀಸಿನವರು ಅವಳಿಗಿಟ್ಟ ಹೆಸರು. ವೆಬ್‌ಸೈಟಿನ ಹಳೆಯ ಕಂಪ್ಯೂಟರ್ ಕೋಡಿನ ಕಸ ಗುಡಿಸುವುದೇ ಅವಳ ಕೆಲಸ. ಈ ಸಲ ಪಾಲಿಗೆ ಬಂದಿದ್ದು ಟಿಕೆಟ್ ದರ ಗೊತ್ತುಮಾಡುವ ಭಾಗ, ಎಂಟುನೂರು ಸಾಲಿನ ಕಗ್ಗಂಟು. ಸೀಟು ಕೊಡುವಾಗ ಸೈಕಲ್ ಇದೆಯೇ ಎಂದು ಕೇಳುತ್ತಿತ್ತು, ರದ್ದು ಮಾಡುವಾಗ ಕೇಳುತ್ತಿತ್ತು, ಮಕ್ಕಳ ಅರ್ಧ ಟಿಕೆಟ್ಟಿಗೂ ಬಿಡದೆ ಕೇಳುತ್ತಿತ್ತು. ಒಟ್ಟು ನಲವತ್ತೊಂದು ಕಡೆ. ಒಂದು ಎಳೆ ಎಳೆದರೆ ಇನ್ನೆಲ್ಲೋ ಗಂಟು ಬಿಗಿಯುತ್ತಿತ್ತು. ಹೋದ ವಾರವಷ್ಟೇ ಒಂದು ಕೈಗೂಸನ್ನು ಸೈಕಲ್ ಎಂದು ತಿಳಿದು ಬಸ್ಸಿನ ಮೇಲೆ ಜಾಗ ಕೊಟ್ಟುಬಿಟ್ಟಿತ್ತು. ಕೂಸಿನ ತಾಯಿ ಫೋನಿನಲ್ಲಿ ಎಲ್ಲರ ಜನ್ಮ ಜಾಲಾಡಿದ್ದರು.

"ಈ ಸೈಕಲ್ಲನ್ನೇ ಕಿತ್ತುಹಾಕಿದ್ರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತೆ ಸಾರ್" ಎಂದಳು ಮ್ಯಾನೇಜರಿಗೆ. "ಈಗಿನ ಬಸ್ಸುಗಳಿಗೆ ಮೇಲೆ ಹತ್ತೋ ಏಣಿನೇ ಇಲ್ಲ."

"ಆ ಪುಟ ಬಳಸೋರು ಇದ್ದಾರಾ?"

"ಒಬ್ಬರಿದ್ದಾರೆ. ಭಾನುವಾರ ಬಿಟ್ಟು ದಿನಾ ಬರ್ತಾರೆ."

"ಹಾಗಾದ್ರೆ ಅವರು ಯಾರು ಅಂತ ಗೊತ್ತಾಗೋ ತನಕ ಮುಟ್ಟಬೇಡಿ. ಆದ್ರೆ ಶುಕ್ರವಾರ ದಾಟಿದ್ರೆ ಈ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ, ಅದೂ ನೆನಪಿರಲಿ."

ಮುಟ್ಟಲೂ ಬಾರದು, ಬಿಡಲೂ ಬಾರದು. ಅವಳು ತಲೆ ಕೆರೆದುಕೊಳ್ಳುತ್ತಾ ಕಿಟಕಿ ಪಕ್ಕದ ಮೇಜಿಗೆ ಹೋದಳು. ಅಲ್ಲಿ ಕೂರುವವರು ಪರೀಕ್ಷಕರು. ಅವರು ಪ್ರತಿ ಪುಟವನ್ನೂ ತಾವೇ ಒತ್ತಿ, ತಟ್ಟಿ ನೋಡಿದ ಮೇಲೆಯೇ ಅದು ಜನರ ಕೈಗೆ ಹೋಗುವುದು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಇಡೀ ಆಫೀಸಿಗೆ ಅವರು ದೊಡ್ಡಪ್ಪ.

"ದೊಡ್ಡಪ್ಪ, ಈ ಸೈಕಲ್ ಪುಟಕ್ಕೆ ಬರೋರು ಯಾರು?"

ದೊಡ್ಡಪ್ಪನ ಮುಖ ಅರಳಿತು. "ನೀನೂ ನೋಡಿದ್ಯಾ ಅವರನ್ನ? ಆರು ವರ್ಷದಿಂದ ಬರ್ತಿದ್ದಾರೆ ಕಣಮ್ಮ. ವರದಿ ತೆಗೆದು ನೋಡು, ಬೇರೆ ಪುಟಕ್ಕೆಲ್ಲ ಸಾವಿರಗಟ್ಟಲೆ ಜನ, ಇದಕ್ಕೆ ದಿನಕ್ಕೆ ಒಬ್ಬರೇ. ಆದ್ರೂ ತಪ್ಪಿಸಲ್ಲ. ಭಾನುವಾರ ಮಾತ್ರ ಮನೆಮಂದಿ ಜೊತೆ ಇರ್ತಾರೇನೋ. ಪಾಪ, ನಮ್ಮನ್ನ ನಂಬಿ ಬರ್ತಾರಲ್ಲ, ಅವರು ಬಂದಾಗ ಪುಟ ಕೆಟ್ಟಿರಬಾರದು ಅಂತ ನಾನೂ ದಿನಾ ಒಂದ್ಸಲ ನೋಡಿಬಿಡ್ತೀನಿ."

"ಈ ಕಂಪ್ಯೂಟರಲ್ಲೇನಾ?"

"ಛೆ, ಆಫೀಸಿನ ಕಂಪ್ಯೂಟರಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಹೊರಗಿನೋರ ಹಾಗೆ ನನ್ನ ಫೋನಲ್ಲಿ ನೋಡ್ತೀನಿ. ಊರು, ಸೀಟು, ಸೈಕಲ್, ದುಡ್ಡು ಕಟ್ಟೋ ಪುಟ. ಅಲ್ಲಿಗೆ ಸಾಕು, ವಾಪಸ್."

"ಎಷ್ಟು ಹೊತ್ತಿಗೆ?"

"ಬಂದು ಚೀಲ ಇಟ್ಟ ತಕ್ಷಣ. ಒಂಬತ್ತೂ ಹತ್ತು..." ದೊಡ್ಡಪ್ಪನ ಮಾತು ಅಲ್ಲಿಗೇ ನಿಂತಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದು ಪೊರಕೆಗೆ ನಗು ಬಂತು. ಎದುರಿನ ಮುಖ ನೋಡಿದ್ದೇ ನಗು ಬಾಯಲ್ಲೇ ಉಳಿಯಿತು. ದೊಡ್ಡಪ್ಪ ಮೇಜಿನ ಮೇಲಿದ್ದ ಪುಸ್ತಕ ತೆರೆದು ಹಾಳೆ ತಿರುವತೊಡಗಿದರು. ದಿನಕ್ಕೊಂದು ಸಾಲು: ಸೈಕಲ್ ಪುಟ, ಇದೆ, ಸರಿ. ಸೈಕಲ್ ಪುಟ, ಇದೆ, ಸರಿ.

"ಹಾಗಾದ್ರೆ ಇಷ್ಟು ದಿನ ಬರ್ತಿದ್ದೋರು..." ಎಂದವರು ಕೊನೆಗೆ ಪುಸ್ತಕ ಮುಚ್ಚಿದರು. "ತೆಗೆದುಬಿಡಮ್ಮ. ಯಾರೂ ಇಲ್ಲ ಅಲ್ಲಿ."

ಗುರುವಾರ ಸಂಜೆ ಅವಳು ತೆಗೆದಳು. ಎಂಟುನೂರು ಸಾಲು ಮುನ್ನೂರಕ್ಕೆ ಇಳಿಯಿತು. ದರ ಸರಿಯಾಗಿ ಬಂತು, ಕೈಗೂಸುಗಳು ಬಸ್ಸಿನೊಳಗೇ ಕೂತವು. ಮ್ಯಾನೇಜರು ಎದ್ದುಬಂದು ಭೇಷ್ ಎಂದರು. ಇಷ್ಟಾದರೂ ಅವಳಿಗೆ ಸಂತೋಷ ಪಡಬೇಕೋ ಬೇಡವೋ ತಿಳಿಯಲಿಲ್ಲ. ಯಾರದೋ ಮನೆಗೆ ಬೀಗ ಹಾಕಿ ಬಂದಂತೆ ಅನ್ನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಭ್ಯಾಸಬಲದಿಂದ ದಾಖಲೆ ತೆರೆದಳು. ಒಂಬತ್ತು ಗಂಟೆ ಹತ್ತು ನಿಮಿಷ. ಸೈಕಲ್ ಪುಟ ಹುಡುಕಿಕೊಂಡು ಬಂದವರು: ಒಬ್ಬರು. ಪುಟ ಸಿಗಲಿಲ್ಲ.

ಅವಳು ಕಿಟಕಿಯ ಕಡೆ ತಿರುಗಿದಳು. ದೊಡ್ಡಪ್ಪ ಫೋನನ್ನು ಮೇಜಿನ ಮೇಲೆ ಇಡುತ್ತಿದ್ದರು.

"ದೊಡ್ಡಪ್ಪ, ಅದನ್ನ ತೆಗೆದಾಯ್ತಲ್ಲ!"

"ತೆಗೆದಿದ್ದು ಪೂರ್ತಿ ಹೋಗಿದೆಯಾ ಅಂತ ಒಬ್ಬರು ನೋಡಬೇಕಲ್ಲಮ್ಮ" ಎಂದು ಅವರು ಕನ್ನಡಕ ಸರಿಪಡಿಸಿಕೊಂಡು ಪುಸ್ತಕ ತೆರೆದರು. ಆರು ವರ್ಷದ ಸಾಲುಗಳ ಕೆಳಗೆ, ಅದೇ ದುಂಡು ಅಕ್ಷರದಲ್ಲಿ ಬರೆದರು: ಸೈಕಲ್ ಪುಟ, ಇಲ್ಲ, ಸರಿ.