ದೊಡ್ಡಮ್ಮನಿಗೆ ಒಂದು ಸಾಲು

ಯಂತ್ರದಿಂದ ಹೊರಬಂದ ಮೊದಲ ಹಾಳೆಯ ಮೇಲೆ ದೊಡ್ಡಮ್ಮ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿದರು. ಹಾಳೆ ತಿರುಗಿಸಿ ಮತ್ತೊಮ್ಮೆ ಮುಟ್ಟಿ ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತರು.

"ಏನು ಬಂತೇ?" ಅಡುಗೆಮನೆಯ ಬಾಗಿಲಿಂದ ಅಮ್ಮ ಕೇಳಿದಳು.

"ಕಸ ಬಂತು," ಎಂದಳು ಮಗಳು.

"ನೀನು ಹೊತ್ಕೊಂಡು ಬಂದಿದ್ದೂ ಅದೇ ತಾನೇ? ಎರಡು ದಿನದಿಂದ ಊಟದ ತಟ್ಟೆ ಇಡೋಕೂ ಜಾಗ ಇಲ್ಲ. ಸಂಜೆಯೊಳಗೆ ಸರಿಹೋಗದಿದ್ರೆ ಗುಜರಿಯವನನ್ನ ಕರೀತೀನಿ, ನೋಡ್ತಿರು."

ಅದು ಬ್ರೈಲ್ ಪ್ರಿಂಟರು. ಕಣ್ಣಿಲ್ಲದವರು ಬೆರಳಲ್ಲಿ ಓದುವ ಉಬ್ಬು ಚುಕ್ಕಿಗಳನ್ನು ದಪ್ಪ ಕಾಗದದ ಮೇಲೆ ಒತ್ತುವ ಯಂತ್ರ. ದೊಡ್ಡಮ್ಮ ಮೂವತ್ತು ವರ್ಷ ಪಾಠ ಹೇಳಿದ ಅಂಧರ ಶಾಲೆಯವರು ಹೊಸದು ಕೊಂಡು ಇದನ್ನು ಮೂಲೆಗೆ ತಳ್ಳಿದ್ದರು. ದೊಡ್ಡಮ್ಮನಿಗೆ ಓದಲು ನಾಲ್ಕು ಪುಸ್ತಕವಾದರೂ ಆಗಲಿ ಎಂದು ಮಗಳು ಕೇಳಿ ತಂದಿದ್ದಳು.

ಹತ್ತನೇ ವಯಸ್ಸಿಗೇ ಕಣ್ಣು ಕಳಕೊಂಡಿದ್ದ ದೊಡ್ಡಮ್ಮನಿಗೆ ಮಾತೆಂದರೆ ಪ್ರಾಣ. ಅವರು ಕೂತ ಕೋಣೆಯಲ್ಲಿ ನಗು ನಿಲ್ಲುತ್ತಿರಲಿಲ್ಲ. ಹೋದ ವರ್ಷ ಬಂದ ಜ್ವರ ಕಿವಿಯನ್ನೂ ಕಿತ್ತುಕೊಂಡು ಹೋಯಿತು. ಅಂದಿನಿಂದ ಅಮ್ಮ ಅವರ ಅಂಗೈ ಮೇಲೆ ಒಂದೊಂದೇ ಅಕ್ಷರ ಗೀಚಿ ವಿಷಯ ತಿಳಿಸಬೇಕು. ಸೋಫಾ ಅಲುಗಿದರೆ ಎಲ್ಲರೂ ನಗುತ್ತಿದ್ದಾರೆಂದು ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತು. "ಏನಂತೆ? ನಂಗೂ ಹೇಳ್ರೇ," ಅನ್ನುತ್ತಿದ್ದರು. ಅಂಗೈ ಮೇಲೆ ಮೂರೇ ಅಕ್ಷರ ಬೀಳುತ್ತಿತ್ತು: ಆಮೇಲೆ. ಆ 'ಆಮೇಲೆ' ಯಾವತ್ತೂ ಬರುತ್ತಿರಲಿಲ್ಲ. ಒಂದು ತಿಂಗಳಿಂದ ದೊಡ್ಡಮ್ಮ ಕೇಳುವುದನ್ನೇ ಬಿಟ್ಟಿದ್ದರು. ಅದರ ಜತೆಗೆ ಮಾತನ್ನೂ.

ಪ್ರಿಂಟರಿನ ಹಳೇ ಸಾಫ್ಟ್‌ವೇರು ಮಗಳ ಲ್ಯಾಪ್‌ಟಾಪಿನಲ್ಲಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಆದರೆ ಅವಳ ಕಸುಬು ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ. ತಕ್ಕಡಿಗಳನ್ನು ಮಾತಾಡಿಸಲು ಅವಳು ದಿನಾ ತೆರೆಯುವ ಕಪ್ಪು ಪರದೆಯೊಂದಿತ್ತು. ಅಲ್ಲಿ ಮೌಸಿಗೆ ಕೆಲಸವಿಲ್ಲ. ಕೇಬಲ್ಲು ಸಿಕ್ಕಿಸಿದ್ದು ಯಾವ ಸೀರಿಯಲ್ ಪೋರ್ಟಿಗೆ, ಅಕ್ಷರ ಕಳಿಸುವ ವೇಗ ಎಷ್ಟು ಎಂದು ಒಂದು ಸಾಲಿನ ಕಮಾಂಡ್ ಹೊಡೆದರೆ ಆಯಿತು. ಆಮೇಲೆ ಟೈಪ್ ಮಾಡಿದ್ದೆಲ್ಲ ಕೇಬಲ್ಲಿನ ಆಚೆ ತುದಿಯ ಯಂತ್ರಕ್ಕೆ ನೇರ ಮುಟ್ಟುತ್ತದೆ. ವೇಗ ಹೊಂದದಿದ್ದರೆ ಮಾತ್ರ ಎಲ್ಲ ಕಲಸುಮೇಲೋಗರ. ಅಭ್ಯಾಸಬಲದಿಂದ ಅವಳು ತಕ್ಕಡಿಯ ವೇಗವನ್ನೇ ಕೊಟ್ಟಿದ್ದಳು: ಒಂಬತ್ತು ಸಾವಿರದ ಆರುನೂರು. ಈಗ ಯಂತ್ರವನ್ನು ಓರೆ ಮಾಡಿ, ತಳಕ್ಕೆ ಟಾರ್ಚು ಬಿಟ್ಟು, ಮಾಸಿದ ಚೀಟಿ ಓದಿದಳು. ಎರಡು ಸಾವಿರದ ನಾನೂರು.

"ಅಯ್ಯೋ ಮುದುಕಪ್ಪಾ, ನಿಧಾನಕ್ಕೆ ಹೇಳು ಅಂತ ಮೊದಲೇ ಅನ್ನಬಾರದಾ!"

ವೇಗ ಬದಲಿಸಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಅವಸರದಿಂದ ಒಂದು ಸಾಲು ಹೊಡೆದಳು. ಎಂಟರ್ ಒತ್ತಿದ್ದೇ ತಡ, ಮೇಜು ನಡುಗುವಂತೆ ಟಕಟಕ ಸದ್ದು. ಕಾಗದ ಆಚೆ ಬರಲು ಇನ್ನೆರಡು ಸಲ ಎಂಟರ್ ಒತ್ತಿ, ದೊಡ್ಡಮ್ಮನ ಕೈ ಹಿಡಿದು ಅದರ ಮೇಲಿಟ್ಟಳು. ಬೆರಳು ಹರಿದಾಡಿತು, ನಿಂತಿತು, ಮತ್ತೆ ಮೊದಲಿಂದ ಹರಿಯಿತು.

"'ದೊಡಮ ಟೀ ಬೇಕಾ.' ದೊಡ್ಡಮ್ಮ ಅನ್ನೋದಕ್ಕೆ ಒಂದು ಒತ್ತೂ ಇಲ್ಲ," ಎಂದರು ದೊಡ್ಡಮ್ಮ, ತಿಂಗಳಿಂದ ಬಳಸದೆ ಒರಟಾಗಿದ್ದ ದನಿಯಲ್ಲಿ. "ಯಾರು ಬರೆದಿದ್ದು ಇದನ್ನ?"

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಮಗಳು "ನಾನೇ" ಎಂದು ಹೊಡೆದಳು. ಟಕಟಕ.

"ನೀನಾ? ಈಗ ಬರೆದೆಯಾ?" ದೊಡ್ಡಮ್ಮ ಕುರ್ಚಿಯ ತುದಿಗೆ ಬಂದರು. "ಈಗಲೇ?"

ಆಗ ಮಗಳಿಗೆ ಹೊಳೆಯಿತು. ಅವಳ ತಲೆಯಲ್ಲಿದ್ದದ್ದು ಬರೀ ಪುಸ್ತಕ. ಇಲ್ಲಿ ನೋಡಿದರೆ ಎಂಟರ್ ಒತ್ತಿದ ಮಾತು ಮರುಕ್ಷಣವೇ ದೊಡ್ಡಮ್ಮನ ಬೆರಳ ಕೆಳಗಿದೆ. ಅವಳು ಇನ್ನೊಂದು ಸಾಲು ಹೊಡೆಯುವಷ್ಟರಲ್ಲಿ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿಬಂದು ಅವಳನ್ನು ಕುರ್ಚಿಯಿಂದ ಎಬ್ಬಿಸಿದ್ದಳು.

"ಏಳೇ, ಏಳು. ನಂಗೆ ಅಕ್ಕನ ಹತ್ರ ಮಾತಾಡೋದಿದೆ."

ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಅಮ್ಮ ಟೈಪ್ ಮಾಡಿದಳು. ಆವತ್ತು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದು ಯಾಕೆ ಗೊತ್ತಾ ಅಕ್ಕ. ಡಾಕ್ಟರ ಮುಂದೆ ನಮ್ಮ ಯಜಮಾನರು ಸೀನಿದರು. ಹಲ್ಲಿನ ಸೆಟ್ಟು ಹಾರಿ ಡಾಕ್ಟರ ಟೀ ಕಪ್ಪಿನೊಳಗೆ ಬಿತ್ತು. ಡಾಕ್ಟರು ನೋಡದೆ ಒಂದು ಗುಟುಕು ಕುಡಿದೇಬಿಟ್ಟರು.

ದೊಡ್ಡಮ್ಮ ಒಂದೊಂದೇ ಸಾಲು ಸವರುತ್ತ ಹೋದರು. ಎರಡನೇ ಸಾಲಿಗೆ ತುಟಿಯಂಚು ಅದುರಿತು. ಮೂರನೆಯದಕ್ಕೆ ಹೊಟ್ಟೆ ಕುಲುಕಿತು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ತಿಂಗಳ ಹಿಂದಿನ ಹಳೇ ಜೋಕಿಗೆ ಅಮ್ಮನೂ ಹೊಸದಾಗಿ ನಕ್ಕಳು.

ಗದ್ದಲ ಕೇಳಿ ಪೇಪರ್ ಕೈಲಿ ಹಿಡಿದೇ ಅಪ್ಪ ಬಂದರು. ತಮ್ಮ ಕಡೆಯ ವಾದವನ್ನೂ ಹೇಳಲೇಬೇಕೆಂದು ಹಟ ಹಿಡಿದರು. ಅಮ್ಮ ಕೀಬೋರ್ಡ್ ಬಿಡಲೊಲ್ಲಳು. ಆ ಬದಿಯಿಂದ ಅಪ್ಪನ ಕೈ, ಈ ಬದಿಯಿಂದ ಅಮ್ಮನ ಕೈ, ನಡುವೆ ನುಗ್ಗಿದ ಮಗಳ ಕೈ. ಯಾರ ಸಾಲು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಒಂದೂ ತಿಳಿಯದೆ ಯಂತ್ರ ಮೇಜಿನ ಮೇಲೆ ಕುಣಿಯತೊಡಗಿತು. ಕಾಗದ ದೊಡ್ಡಮ್ಮನ ಮಡಿಲು ತುಂಬಿ ನೆಲಕ್ಕಿಳಿಯಿತು.

ದೊಡ್ಡಮ್ಮ ಎರಡೂ ಕೈ ಎತ್ತಿ ತರಗತಿಯ ದನಿಯಲ್ಲಿ ಗದರಿದರು:

"ಒಬ್ಬೊಬ್ಬರಾಗಿ ಮಾತಾಡ್ರೋ! ಏನು ಗಲಾಟೆ ಇದು, ನನ್ನ ಕಿವಿ ತೂತು ಬೀಳ್ತಿದೆ!"