ರೇಗಲು ಬಿಡದ ಹೃದಯ

ಎದೆಯೊಳಗಿನ ಹೃದಯಯಂತ್ರಕ್ಕೆ ಕಂಪನಿ ಹೊಸ ಪ್ರೋಗ್ರಾಮ್ ಹಾಕಿದಾಗಿನಿಂದ ಅಚ್ಯುತರಾಯರಿಗೆ ರೇಗುವುದಕ್ಕೇ ಆಗುತ್ತಿರಲಿಲ್ಲ. ಸಿಟ್ಟು ಏರುವ ಮೊದಲೇ ಅದು ಬಡಿತ ಇಳಿಸಿ ಅವರನ್ನು ನಗಿಸಿಬಿಡುತ್ತಿತ್ತು.

ಹೆಂಡತಿ ಇಂದುಮತಿ ಹಳೇ ಕಾಲದ ಪ್ರೋಗ್ರಾಮರ್. ಇವತ್ತು ಪರೀಕ್ಷೆ ಮಾಡಲೆಂದೇ ಕಾಫಿಗೆ ಉಪ್ಪು ಹಾಕಿಕೊಟ್ಟಳು. ಒಂದು ಗುಟುಕು ಕುಡಿದ ರಾಯರು, "ಚೆನ್ನಾಗಿದೆ ಕಣೇ" ಎಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹೇಳಿದಷ್ಟು ಮಾಡ್ಕೊಂಡು ಬಿದ್ದಿರೋಕೆ ಏನು ರೋಗ ಈ ಹೊಸ ಪ್ರೋಗ್ರಾಮ್ ಶನಿಗಳಿಗೆ?" ಎನ್ನುತ್ತ ಅವರ ಎದೆಗೆ ಕೇಬಲ್ ಸಿಕ್ಕಿಸಿ, ತಾನು ಹಿಂದೆ ಸಿ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮನ್ನೇ ಮತ್ತೆ ತುಂಬಿದಳು. ಅದಕ್ಕೆ ಬಡಿಯುವುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ರಾಯರ ಮುಖ ಕೆಂಪೇರಿತು. ಲೋಟ ಹೋಗಿ ಗೋಡೆಗೆ ಅಪ್ಪಳಿಸಿತು.

"ಇಷ್ಟು ದಿನ ನೀನೇನು ಕಡಿದು ಕಟ್ಟೆ ಹಾಕ್ತಿದ್ದೆ? ಒಳಗೆ ಕುದೀತಾ ಕುದೀತಾ ಹೊರಗೆ ಹಲ್ಲು ಕಿರೀತಿದ್ನಲ್ಲೇ ನಾನು!"