ಪಕ್ಕದ ಕುರ್ಚಿ

ಆಪರೇಷನ್ ಥಿಯೇಟರಿನ ಬಾಗಿಲು ತೆರೆದಾಗ ಹಿರಿಯ ಡಾಕ್ಟರು ತಟ್ಟನೆ ಎದ್ದು ನಿಂತರು. ಈ ಆಸ್ಪತ್ರೆಯಲ್ಲಿ ಮೊಟ್ಟಮೊದಲು ಎದೆ ತೆರೆದು ಹೃದಯ ಹೊಲಿದವರು ಅವರೇ. ಈಗ ಹೆಂಡತಿಯ ಹೃದಯವನ್ನು ಶಿಷ್ಯೆಯ ಕೈಗೆ ಒಪ್ಪಿಸಿ ಹೊರಗೆ ಕಾದಿದ್ದರು.

"ಒಳ್ಳೇ ಸುದ್ದೀನ ನಿಂತ್ಕೊಂಡೇ ಕೂಗಿ ಹೇಳಿ. ಕೆಟ್ಟದ್ದಾದ್ರೆ ಮೊದಲು ರೋಗಿ ಮನೆಯವರ ಪಕ್ಕ ಕೂತ್ಕೊಳ್ಳಿ," ಎಂದು ಎಲ್ಲರಿಗೂ ಕಲಿಸಿದ್ದವರೂ ಅವರೇ. "ನಿಮ್ಮ ಶಿಷ್ಯರು ಕೂತರೆ ಸಾಕು, ಜನ ಅಳೋಕೆ ಶುರು ಮಾಡ್ತಾರೆ ಕಣ್ರೀ," ಎಂದು ಹೆಂಡತಿ ರೇಗಿಸುತ್ತಿದ್ದಳು.

ಶಿಷ್ಯೆ ಮಾಸ್ಕ್ ಬಿಚ್ಚಿದಳು. ಮೂಲೆಯಲ್ಲಿದ್ದ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.

ಡಾಕ್ಟರು ಆ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು.

"ಕೂತ್ಕೋಬೇಡಮ್ಮಾ," ಎಂದರು. "ದಮ್ಮಯ್ಯ, ನಿಂತೇ ಹೇಳು."